ಮೊರದಲ್ಲಿ ಎಗರುವ ಅಕ್ಷರಗಳು

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮ. ಮನೆಬಳಕೆಯ ಸಾಮಾನುಗಳಿಗೆ ಕಂಪ್ಯೂಟರಿನ ಅಕ್ಷರಗಳನ್ನು ಜೋಡಿಸಿ, ಮುಟ್ಟಿದರೆ ಮಾತು ಮೂಡುವಂತೆ ಮಾಡುವ ಕಲೆಯನ್ನು ಗುರುಗಳು ಅಲ್ಲಿ ಕಲಿಸುತ್ತಿದ್ದರು.

ಸೋಮಲಿಂಗ ಹಿರಿಯ ಶಿಷ್ಯ. ಗುರುಗಳ ಬಳಿ ಏಳು ವರ್ಷ ಕಳೆದವನು. ಆಶ್ರಮದ ಆ ವರ್ಷದ ಪ್ರದರ್ಶನಕ್ಕೆ ಹಳೆಯದೊಂದು ತೇಗದ ಬಾಗಿಲನ್ನು ಸಿದ್ಧಮಾಡಿದ್ದ. ತಟ್ಟಿದರೆ ಅದರ ಮೈತುಂಬ ಬೆಳಕಿನ ಸಾಲುಗಳು ಮೂಡುತ್ತಿದ್ದವು.

ದಿಲ್‌ಶಾದ್ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅವಳದು ಒಂದು ಬಿದಿರಿನ ಮೊರ. ಮೇಲೆ ತೂಗುಹಾಕಿದ ಪ್ರೊಜೆಕ್ಟರಿನಿಂದ ಅದರೊಳಕ್ಕೆ ಬೆಳಕಿನ ಅಕ್ಷರಗಳು ಅಕ್ಕಿಯ ಹಾಗೆ ಸುರಿಯುತ್ತಿದ್ದವು. ಕೇರಿದರೆ ಎಗರುತ್ತಿದ್ದವು. ಹಗುರಾದವು ಹಾರಿಹೋಗಿ, ಉಳಿದವು ಕೂಡಿ ಒಂದು ಮಾತಾಗುತ್ತಿದ್ದವು. ಅವಳು ಅಡುಗೆಮನೆಗಳಲ್ಲಿ ಕೂತು ಕೇಳಿಸಿಕೊಂಡು ಬಂದ ಹೆಂಗಸರ ಮಾತು. ‘ಎಲ್ಲಾರೂ ಉಂಡ್ರೇನು?’ ‘ಈ ಸಲ ಅಕ್ಕ್ಯಾಗ ಬರೀ ಕಲ್ಲು.’

ಮೊದಲ ದಿನ ಜನ ಬಾಗಿಲನ್ನು ಒಮ್ಮೆ ತಟ್ಟಿ, ಚೆನ್ನಾಗಿದೆ ಎಂದು ಮುಂದೆ ಹೋದರು. ಮೊರದ ಮುಂದೆ ಸಾಲು ನಿಂತರು. ಗುರುಗಳೂ ಆ ಸಾಲಿನಲ್ಲಿ ನಿಂತರು. ಅದೂ ಎರಡು ಸಲ.

ಸೋಮಲಿಂಗನಿಗೆ ಹೊಟ್ಟೆಕಿಚ್ಚಾಯಿತು. ಮಧ್ಯಾಹ್ನ ಗುರುಗಳ ಬಳಿ ಹೋಗಿ, ಮೊರದಲ್ಲಿ ತಪ್ಪುಗಳಿವೆ ಎಂದ. ಏನೇನು ಎಂದು ಅವರು ಕೇಳಿದರು. ಒತ್ತಕ್ಷರಗಳು ಕಳಚಿ ಬೀಳುತ್ತವೆ, ಕೈಯಾಟವನ್ನು ಗುರುತಿಸುವ ಕ್ಯಾಮೆರಾ ಅಲುಗುತ್ತದೆ, ಮಕ್ಕಳು ಹಿಡಿದರೆ ಬೆಳಕು ಮೊರ ಬಿಟ್ಟು ನೆಲಕ್ಕೆ ಬೀಳುತ್ತದೆ ಎಂದು ಒಂದೊಂದಾಗಿ ಹೇಳಿದ.

“ಇಷ್ಟು ಸೂಕ್ಷ್ಮವಾಗಿ ಅದನ್ನು ಬೇರೆ ಯಾರೂ ನೋಡಿಲ್ಲ,” ಎಂದರು ಗುರುಗಳು. “ಹೋಗಿ ಸರಿಮಾಡಿ ಕೊಡು.”

ಸೋಮಲಿಂಗ ಮೊರದ ಕಡೆ ನಡೆದ.

ದಿಲ್‌ಶಾದ್ ಹಿಗ್ಗಿದಳು. “ನೀವು ನೋಡ್ತೀರಿ ಅಂದ್ರ ನನಗ ಚಿಂತಿ ಇಲ್ಲಣ್ಣಾ,” ಎಂದು ಎಲ್ಲವನ್ನೂ ಅವನ ಕೈಗೆ ಬಿಟ್ಟು ಚಹಾ ತರಲು ಹೋದಳು.

ಅವನು ಮೂರೂ ತಪ್ಪು ತಿದ್ದಿದ. ಕೊನೆಯಲ್ಲಿ ಕಂಪ್ಯೂಟರಿನಲ್ಲಿದ್ದ ಒಂದು ಅಂಕಿ ಕಣ್ಣಿಗೆ ಬಿತ್ತು. ಕೈ ಆಡಿಸಿದ ಎಷ್ಟು ಹೊತ್ತಿನ ಮೇಲೆ ಅಕ್ಷರ ಎಗರಬೇಕು ಎನ್ನುವುದನ್ನು ಅದು ನಿರ್ಧರಿಸುತ್ತಿತ್ತು. ಅದನ್ನು ಒಂಚೂರು ಏರಿಸಿದ. ಅವಳು ತಂದ ಚಹಾ ಕುಡಿದ. ಅವಳ ಥ್ಯಾಂಕ್ಸನ್ನೂ ತೆಗೆದುಕೊಂಡ.

ಮರುದಿನ ಬೆಳಿಗ್ಗೆ ಮೊರದ ಬಳಿ ಮೊದಲು ಬಂದವಳು ಒಬ್ಬ ಅಜ್ಜಿ. ಕೋಲನ್ನು ಗೋಡೆಗೆ ಆನಿಸಿ, ಸೆರಗು ಸಿಕ್ಕಿಸಿ, ಮೊರ ಎತ್ತಿಕೊಂಡಳು. ಅವಳು ಹಿಡಿದ ರೀತಿಗೇ ಸುತ್ತಲಿದ್ದವರು ತಿರುಗಿ ನೋಡಿದರು.

ಅಜ್ಜಿ ಕೇರಿದಳು. ಕೈ ಏರಿದಾಗ ಅಕ್ಷರಗಳು ಮಲಗಿದ್ದವು. ಕೈ ಇಳಿದ ಮೇಲೆ ಎಗರಿದವು. ಇನ್ನೊಮ್ಮೆ ಕೇರಿದಳು, ಮತ್ತೊಮ್ಮೆ. ಒಂದು ಮಾತೂ ಕೂಡಲಿಲ್ಲ.

ಅವಳು ನಿಲ್ಲಿಸಿ, ತನ್ನ ಕೈಗಳನ್ನೇ ನೋಡಿಕೊಂಡಳು.

“ನನ್ನ ಕೈ ಹೋತು ಯವ್ವಾ,” ಎಂದಳು ದಿಲ್‌ಶಾದಳಿಗೆ, ಮೆಲ್ಲಗೆ. “ಮೊರ ಹಿಡಿಯೂದೂ ಮರತೆ.”

ಮೊರ ಕೆಳಗಿಟ್ಟು ಕೋಲಿಗೆ ಕೈಚಾಚಿದಳು. ಏನಾಗಿದೆಯೆಂದು ತಿಳಿಯದೆ ದಿಲ್‌ಶಾದ್ ವೈರುಗಳನ್ನು ತಡಕಾಡುತ್ತಿದ್ದಳು.

ಸೋಮಲಿಂಗ ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಜ್ಜಿ ಎರಡು ಹೆಜ್ಜೆ ಹಾಕಿದಳು. ಮೂರನೆಯದಕ್ಕೆ ಅವನು ಅಡ್ಡ ಬಂದು ನಿಂತ.

“ನಿಮ್ಮ ಕೈ ಛಲೋ ಐತಿ, ಆಯೀ. ನಿನ್ನೆ ಇದನ್ನ ಕೆಡಿಸಿದಾಂವ ನಾನು.”

ಎಲ್ಲರ ಎದುರಿಗೇ ಕೂತು ಅಂಕಿಯನ್ನು ಮೊದಲಿನಂತೆ ಮಾಡಿ, ಮೊರವನ್ನು ಅಜ್ಜಿಯ ಕೈಗಿಟ್ಟ. ಈ ಸಲ ಅಕ್ಷರಗಳು ಅವಳ ಕೈಜೊತೆಗೇ ಎದ್ದವು, ಕೈಜೊತೆಗೇ ಇಳಿದವು. ಕೂಡಿದ ಮಾತನ್ನು ಯಾರೋ ಓದಿ ಹೇಳಿದಾಗ ಅವಳು ಬೊಚ್ಚುಬಾಯಿ ಬಿಟ್ಟು ನಕ್ಕಳು. ದಿಲ್‌ಶಾದ್ ಅವನ ಮುಖ ನೋಡಲಿಲ್ಲ.

ಸಂಜೆ ಅವನು ಗುರುಗಳ ಮುಂದೆ ಹೋಗಿ ನಿಂತ. ಮಾಡಿದ್ದನ್ನೆಲ್ಲ ಹೇಳಿದ. ತನ್ನನ್ನು ಆಶ್ರಮದಿಂದ ಕಳಿಸಿಬಿಡಿ ಎಂದ.

ಗುರುಗಳು ಕಾರಣ ಕೇಳಿದರು.

“ಅದು ಇನ್ನೂ ಹೋಗಿಲ್ಲ, ಗುರುಗಳೇ. ಅಜ್ಜಿ ನಕ್ಕದ್ದು ದಿಲ್‌ಶಾದಳ ಮೊರ ಹಿಡಿದು, ನನ್ನ ಬಾಗಿಲ ಮುಂದೆ ಅಲ್ಲ. ಅದಕ್ಕೆ ಈಗಲೂ ಹೊಟ್ಟೆ ಉರಿಯುತ್ತಿದೆ.”

ಗುರುಗಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

“ಇರಲಿ ಬಿಡು. ಆ ಅಜ್ಜಿಗೆ ನಿಜ ಹೇಳುವಾಗಲೂ ಆ ಉರಿ ಇತ್ತಲ್ಲ, ಆದರೂ ಹೇಳಿದೆ.”