ಯಾರೂ ನಕಲು ಮಾಡದ ಅಂಗಿ

"ಸಂಕಣ್ಣ, ಯುಗಾದಿಗೆ ನನಗೊಂದು ಹೊಸ ಅಂಗಿ ಹೊಲಿ. ಮುಂದಿನ ಸಭೆಯಲ್ಲಿ ಅಂಥದ್ದೇ ಇನ್ನೊಬ್ಬರ ಮೈಮೇಲೆ ಕಂಡಿತೋ, ನೀನು ಗಡೀಪಾರು!" ಎಂದು ಸೋಮಗಿರಿಯ ದೊರೆ ಬಿಜ್ಜರಾಯ ಗುಡುಗಿದ.

ಅರಮನೆಯ ದರ್ಜಿ ಸಂಕಣ್ಣ ಬಗ್ಗಿ ಕೈಮುಗಿದ. ದೊರೆಯ ಸಿಟ್ಟಿಗೆ ಕಾರಣ ಇಲ್ಲದಿರಲಿಲ್ಲ. ಅವನು ಜರತಾರಿ ತೊಟ್ಟರೆ ಇಡೀ ಆಸ್ಥಾನ ಜರತಾರಿ. ಕಿವಿಯ ಮೇಲೆ ಕುರು ಎದ್ದು ಪೇಟವನ್ನು ಓರೆಯಾಗಿ ಸುತ್ತಿದರೆ, ಅಷ್ಟೂ ಮಂದಿಯ ಪೇಟ ಓರೆ. ಕುರು ಒಂದೇ ಬಾಕಿ! ಆ ನಕಲುಗಳನ್ನೆಲ್ಲ ಹಿತ್ತಲ ಬಾಗಿಲಲ್ಲಿ ಹೊಲಿದುಕೊಟ್ಟೇ ಸಂಕಣ್ಣ ಮಹಡಿ ಮನೆ ಕಟ್ಟಿಸಿದ್ದ ಎಂಬುದು ಬೇರೆ ಮಾತು.

"ಯಾವ ಬಟ್ಟೆಯಲ್ಲಿ ಹೊಲಿಯಲಿ, ಪ್ರಭು?"

"ಗೋಣಿಯಲ್ಲಾದರೂ ಹೊಲಿ. ಇನ್ನೊಬ್ಬರು ತೊಡಬಾರದು, ಅಷ್ಟೆ."

ಯುಗಾದಿಯ ದಿನ ಸಂಕಣ್ಣ ತಂದದ್ದು ಬರೀ ಬಿಳಿ ಅಂಗಿ. ಜರಿಯಿಲ್ಲ, ಮುತ್ತಿಲ್ಲ. ಎರಡು ಪಕ್ಕದಲ್ಲೂ ಜೋಳಿಗೆಯಂಥ ಜೇಬು. ಸಾಲಾಗಿ ಕೂತಿದ್ದ ಸರದಾರರು ಆಗಲೇ ಕಣ್ಣಲ್ಲೇ ಅಳತೆ ತೆಗೆಯುತ್ತಿದ್ದರು.

"ಇದೇನಯ್ಯಾ, ಚೀಲ?" ಎಂದ ದೊರೆ.

"ಇದು ಕೊಡುಗೈ ದೊರೆಯ ಅಂಗಿ, ಪ್ರಭು. ಇದನ್ನು ತೊಟ್ಟವರ ಜೇಬಿಗೆ ಯಾವ ಬಡವ ಬೇಕಾದರೂ ಕೈಹಾಕಿ ಸಿಕ್ಕಿದ್ದನ್ನು ಒಯ್ಯಬಹುದು. ತೊಟ್ಟವರು ತಡೆಯುವಂತಿಲ್ಲ, ಜೇಬು ಖಾಲಿ ಬಿಡುವಂತೆಯೂ ಇಲ್ಲ. ಹಾಗೆಂದು ಡಂಗುರ ಹೊಡೆಸಿಬಿಡಿ."

ತುಂಬಿದ ಸಭೆಯಲ್ಲಿ ಕೊಡುಗೈ ಎನಿಸಿಕೊಂಡ ಮೇಲೆ ಒಲ್ಲೆನ್ನಲು ಬಾಯಿ ಬರುತ್ತದೆಯೇ? ಡಂಗುರ ಮೊಳಗಿತು. ದೊರೆ ಅಂಗಿ ತೊಟ್ಟು ಮೆರವಣಿಗೆ ಹೊರಟ. ಖಜಾಂಚಿ ಜೇಬು ತುಂಬಿ ತುಂಬಿ ಸುಸ್ತಾದ. ಒಬ್ಬ ಮುದುಕಿಯಂತೂ ನಾಣ್ಯದ ಜೊತೆಗೆ ದೊರೆಯ ಎಲೆಯಡಿಕೆ ಡಬ್ಬಿಯನ್ನೂ ಎತ್ತಿಕೊಂಡು, "ತಣ್ಣಗಿರಪ್ಪಾ" ಎಂದು ಹರಸಿ ಹೋದಳು.

ಮುಂದಿನ ಸಭೆ ಸೇರಿತು. ದೊರೆಯ ಮೈಮೇಲಲ್ಲದೆ ಬೇರೆಲ್ಲೂ ಬಿಳಿ ಅಂಗಿಯ ಸುಳಿವಿಲ್ಲ. ಪ್ರಧಾನಿ ತನ್ನ ಹಳೆಯ ಅಂಗಿಗಿದ್ದ ಪುಟ್ಟ ಜೇಬಿನ ಬಾಯಿಯನ್ನೂ ಹೊಲಿಸಿಕೊಂಡು ಬಂದಿದ್ದ.

ದೊರೆ ಹಿಗ್ಗಿದ. "ಭಲೇ! ಏನು ಮಾಟ ಮಾಡಿದೆಯೋ?"

"ಮಾಟವೇನಿಲ್ಲ, ಪ್ರಭು. ತಾವು ಉಡುವುದನ್ನು ಇವರೂ ಉಡುತ್ತಾರೆ, ತಿನ್ನುವುದನ್ನು ಇವರೂ ತಿನ್ನುತ್ತಾರೆ. ಕೊಡುವ ಕೆಲಸವನ್ನು ಮಾತ್ರ ತಮಗೇ ಬಿಟ್ಟಿದ್ದಾರೆ."

ದೊರೆ ಹೊಟ್ಟೆ ಹಿಡಿದು ನಕ್ಕ. ನಗುತ್ತಿರುವಾಗಲೇ ಬರಿದಾದ ಬೊಕ್ಕಸ ನೆನಪಾಯಿತು. ಮೆಲ್ಲಗೆ ಅಂಗಿ ಬಿಚ್ಚಿ ಮುಂದೆ ಚಾಚಿದ. "ಇಷ್ಟು ಜಾಣನಿಗೆ ಬೇರೇನು ಕೊಡಲಿ? ತಗೋ, ಇದೇ ನಿನಗೆ ಉಡುಗೊರೆ. ಇಲ್ಲೇ ತೊಟ್ಟುಕೊಂಡು ಮನೆಗೆ ಹೋಗು."

ಅರಮನೆಯ ಹೊರಗೆ ಆಗಲೇ ಜನ ಜಮಾಯಿಸಿದ್ದರು. ಸಂಕಣ್ಣ ಸರಕ್ಕನೆ ಹಿಂದೆ ಸರಿದು ಕೈಮುಗಿದ.

"ಬೇಡ ಪ್ರಭು! ನಾನೂ ಈ ಆಸ್ಥಾನದವನೇ ಅಲ್ಲವೇ?"