ಗೋಡೆಗೆ ತೂಗುಹಾಕಿದ ಕಾವಲಿ

“ಅಯ್ಯನವರೇ, ಒಬ್ಬ ವಿಶ್ವಾಸಿ ಆತ್ಮಿಕವಾಗಿ ಬೆಳೆದಿದ್ದಾನೆಂದು ತಿಳಿಯುವುದು ಹೇಗೆ?” ಎಂದು ಜಯಶೀಲ ಕೇಳಿದ.

ಚರ್ಚಿನ ಮುದುಕರಾದ ಉಪದೇಶಿ ತಿಮೊಥೆಯಪ್ಪ ಅವನ ಮುಖ ನೋಡಿದರು. “ಯಾರ ಬೆಳವಣಿಗೆ? ನಿನ್ನದೋ, ಊರಿನವರದೋ?”

“ನನ್ನದೇ. ಸಭೆಯ ಆಸ್ಪತ್ರೆಯಲ್ಲಿ ರೋಗಿಗಳಿಗೆ ಗಂಜಿ ಕೊಡುವ ಕೆಲಸ ನಿಲ್ಲಿಸಿ ನಲವತ್ತು ದಿನವಾಯಿತು. ಹಾಸಿಗೆ ಹಿಡಿದಿರುವ ಏಲಿಯಪ್ಪ ಒಂದು ದಿನ ಉಪ್ಪಿಲ್ಲ ಎನ್ನುವರು, ಮರುದಿನ ಉಪ್ಪು ಜಾಸ್ತಿ ಎನ್ನುವರು. ನಾನು ಬೈದುಬಿಡುತ್ತಿದ್ದೆ. ಆಮೇಲೆ ಮನೆಗೆ ಬಂದು ಅಳುತ್ತಿದ್ದೆ. ಈಗ ಮನೆಯಲ್ಲೇ ಕೂತು ಸತ್ಯವೇದ ಓದುತ್ತೇನೆ, ಪ್ರಾರ್ಥಿಸುತ್ತೇನೆ. ಒಮ್ಮೆಯೂ ಸಿಟ್ಟು ಬಂದಿಲ್ಲ. ಆ ಕೆಲಸವನ್ನು ಪೂರ್ತಿ ಬಿಟ್ಟುಬಿಡಲೇ?”

“ಭಲೇ! ಬಿಡುವ ಮೊದಲು ಒಂದು ಕತೆ ಕೇಳು” ಎಂದರು ಉಪದೇಶಿ.

ಕಲ್ಲುಗಣಿಯ ದಾರಿಯಲ್ಲಿ ಒಬ್ಬ ವಿಧವೆ ದೋಸೆ ಅಂಗಡಿ ಇಟ್ಟಳು. ಕಲ್ಲು ಒಡೆಯುವವರು ಬೆಳಗ್ಗೆ ಅಲ್ಲಿ ತಿಂದು ಹೋದರೆ ಅವಳ ಇಬ್ಬರು ಮಕ್ಕಳ ಹೊಟ್ಟೆಯೂ ತುಂಬಬೇಕು, ಅಷ್ಟೇ ಅವಳ ಸಂಸಾರ. ಸಂತೆಯಿಂದ ಹೊಸ ಕಬ್ಬಿಣದ ಕಾವಲಿ ತಂದಳು. ಮೊದಲ ದೋಸೆ ಅಂಟಿತು. ಎರಡನೆಯದೂ ಅಂಟಿತು. ಕೆಲಸದವರು ಹರಕು ದೋಸೆಯನ್ನೇ ತಿಂದು, ನಕ್ಕು ಹೋದರು. ಅವಳಿಗೆ ನಾಚಿಕೆಯಾಯಿತು. ಹುಣಸೆಹಣ್ಣು, ಬೂದಿ ಹಾಕಿ ಕಾವಲಿಯನ್ನು ಫಳಫಳ ಹೊಳೆಯುವಂತೆ ತಿಕ್ಕಿದಳು. ಮರುದಿನವೂ ದೋಸೆ ಅಂಟಿತು, ಅವಳು ಮತ್ತೆ ತಿಕ್ಕಿದಳು.

ಪಕ್ಕದ ಮನೆಯ ಅಜ್ಜಿ ಇದನ್ನು ನೋಡಿದಳು. “ಅಯ್ಯೋ, ಹಾಗೆ ತಿಕ್ಕಬೇಡವೇ! ಎಣ್ಣೆ ಸವರು, ಈರುಳ್ಳಿ ಹೋಳಿನಿಂದ ಉಜ್ಜು, ಮತ್ತೆ ಹೊಯ್ಯಿ. ಎಲ್ಲರ ಮನೆ ದೋಸೆಯೂ ತೂತೇ. ಇಪ್ಪತ್ತು ಹರಿದರೆ ಹರಿಯಲಿ, ಇಪ್ಪತ್ತೊಂದನೆಯದು ಏಳುತ್ತದೆ. ಹೊಯ್ದು ಹೊಯ್ದೇ ಕಾವಲಿ ಪಳಗಬೇಕು” ಎಂದಳು.

ಹೆಂಗಸು ತಲೆಯಾಡಿಸಿದಳು. ಆದರೆ ಇನ್ನೊಂದು ದೋಸೆ ಹರಿಯುವುದನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ. ಕಾವಲಿಯನ್ನು ಕೊನೆಯದಾಗಿ ತಿಕ್ಕಿ ಗೋಡೆಯ ಮೊಳೆಗೆ ತೂಗುಹಾಕಿದಳು. ಕೆಲಸದವರು ಎರಡು ದಿನ ಬಂದು ನಿಂತರು. ಮೂರನೆಯ ದಿನದಿಂದ ಬರಿಹೊಟ್ಟೆಯಲ್ಲೇ ಗಣಿಗೆ ಹೋದರು. ಮಕ್ಕಳು ನೀರು ಕುಡಿದು ಮಲಗಿದರು.

ಎಂಟು ದಿನದ ಮೇಲೆ ಅಜ್ಜಿ ಮತ್ತೆ ಬಂದಳು. “ಏನಮ್ಮಾ, ಕಾವಲಿ ಹೇಗಿದೆ?”

“ನೋಡಿ ಅಜ್ಜಿ, ಕನ್ನಡಿಯ ಹಾಗಿದೆ. ಎಂಟು ದಿನದಿಂದ ಒಂದು ದೋಸೆಯೂ ಅಂಟಿಲ್ಲ.”

“ಎಷ್ಟು ಹೊಯ್ದೆ?” ಎಂದು ಅಜ್ಜಿ ಕೇಳಿದಳು.

ಉಪದೇಶಿ ಕತೆ ನಿಲ್ಲಿಸಿದರು. ಜಯಶೀಲನ ಮುಖ ಕೆಂಪಾಯಿತು.

“ಆದರೆ ಅಯ್ಯನವರೇ, ಅಲ್ಲಿಗೆ ಹೋದರೆ ನನಗೆ ಮತ್ತೆ ಸಿಟ್ಟು ಬರುತ್ತದೆ. ಮತ್ತೆ ಬೈಯುತ್ತೇನೆ. ನನಗೆ ಭಯವಾಗುತ್ತದೆ” ಎಂದ.

“ನಿನ್ನೆ ಏಲಿಯಪ್ಪ ಆರಿದ ಗಂಜಿಯನ್ನು ಪಕ್ಕಕ್ಕಿಟ್ಟು ನನ್ನನ್ನು ಕೇಳಿದರು, ಬೈಯುತ್ತಲೇ ಬಿಸಿ ಗಂಜಿ ಕುಡಿಸುತ್ತಿದ್ದನಲ್ಲ, ಆ ಹುಡುಗ ಎಲ್ಲಿ ಹೋದ ಎಂದು.”

ಜಯಶೀಲ ಎದ್ದು ಆಸ್ಪತ್ರೆಯ ದಾರಿ ಹಿಡಿದ.