ಪ್ರೇಕ್ಷಕರ ಒತ್ತಾಯದ ಮೇರೆಗೆ

"ಬಿಡುವ ಹೊತ್ತು ಬಂತೆಂದು ಮನುಷ್ಯನಿಗೆ ಗೊತ್ತಾಗುವುದು ಹೇಗೆ ಗುರುಗಳೇ?" ಎಂದು ಶಿಷ್ಯ ಕೇಳಿದ. ಮಠದ ದಾಸೋಹದ ಉಸ್ತುವಾರಿ ಅವನದು. ಬಡಿಸಿ ಬಡಿಸಿ ಸಾಕಾಗಿತ್ತು. ಇದೊಂದು ವರ್ಷ ಕಳೆಯಲಿ, ಆಮೇಲೆ ಧ್ಯಾನಕ್ಕೆ ಕೂರುತ್ತೇನೆ ಎಂದು ಬಹಳ ವರ್ಷಗಳಿಂದ ಹೇಳುತ್ತಿದ್ದ.

ಗುರುಗಳು ಹೇಳಿದರು.

ಒಬ್ಬ ನಾಟಕ ಕಂಪನಿ ಮಾಲೀಕನಿದ್ದ. ಯಾರ ಹಂಗೂ ಇಲ್ಲದೆ ಕಂಪನಿ ಕಟ್ಟಿದ ಗಂಡಸು. ಊರೂರಿಗೆ ಹೋಗಿ ಕ್ಯಾಂಪು ಹಾಕುತ್ತಿದ್ದ, ತಗಡಿನ ಥಿಯೇಟರು ಎಬ್ಬಿಸುತ್ತಿದ್ದ. ಜನರನ್ನು ಸೇರಿಸುವುದರಲ್ಲಿ ಅವನ ಸಮ ಯಾರೂ ಇರಲಿಲ್ಲ. ಕುರ್ಚಿಗಳು ಖಾಲಿ ಬಿದ್ದವೆಂದರೆ ಜೀಪಿಗೆ ಮೈಕು ಕಟ್ಟಿಸಿ ಊರೆಲ್ಲ ಸುತ್ತಿಸುತ್ತಿದ್ದ. "ಇಂದೇ ಕಡೆಯ ಆಟ! ಇವತ್ತು ತಪ್ಪಿದರೆ ಮತ್ತೆ ಸಿಗುವುದಿಲ್ಲ!" ಜನ ಮುಗಿಬೀಳುತ್ತಿದ್ದರು. ಮರುದಿನ ಅದೇ ಜೀಪು ಬರುತ್ತಿತ್ತು. "ಪ್ರೇಕ್ಷಕರ ಒತ್ತಾಯದ ಮೇರೆಗೆ ಇನ್ನೊಂದು ವಾರ!" ಯಾರೂ ಒತ್ತಾಯ ಮಾಡಿರುತ್ತಿರಲಿಲ್ಲ. ಎಲ್ಲ ಕಂಪನಿಯವರೂ ಹಾಗೆಯೇ ಮಾಡುತ್ತಿದ್ದರು. ಆ ದಂಧೆಯಲ್ಲಿ ಅದನ್ನು ಸುಳ್ಳೆಂದು ಯಾರೂ ಎಣಿಸುತ್ತಿರಲಿಲ್ಲ.

ಅವನ ಹೆಂಡತಿ ಅದೇ ಕಂಪನಿಯಲ್ಲಿ ತಾಯಿಯ ಪಾತ್ರ ಮಾಡುತ್ತಿದ್ದಳು. ಸಂಜೆ ರಂಗದ ಮೇಲೆ ಅಳುವುದು, ಬೆಳಿಗ್ಗೆ ತಗಡಿನ ಮರೆಯಲ್ಲಿ ಕಂಪನಿಗೆಲ್ಲ ಒಲೆ ಊದುವುದು. ಮೊಣಕಾಲು ಹಿಡಿದುಕೊಂಡಿದ್ದವು. ಗೋಡೆಯಿರುವ ಅಡುಗೆಮನೆಯೊಂದು ಬೇಕೆಂದು ಮದುವೆಯಾದ ಹೊಸತರಲ್ಲಿ ಕೇಳಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟಿದ್ದಳು.

ಒಂದು ಮಧ್ಯಾಹ್ನ ಮಾಲೀಕ ಕುರ್ಚಿಗಳ ನಡುವೆ ಒಬ್ಬನೇ ಕೂತಿದ್ದ. ನಟರ ಜಗಳ ಬಿಡಿಸಿ ಬಂದಿದ್ದ. ಪರವಾನಗಿಗೆ ಅಲೆದು ಬಂದಿದ್ದ. ಮುಂದೆ ಮತ್ತೊಂದು ಊರು, ಮತ್ತೆ ಗುಂಡಿ ತೋಡುವುದು, ಮತ್ತೆ ಅದೇ ಕಂಬ ನೆಡುವುದು. ನೆನೆದರೇ ಮೈ ಸೋಲುತ್ತಿತ್ತು. ಹೆಂಡತಿಯನ್ನು ಕರೆದ.

"ಈ ಊರ ಕಡೀದು. ಕಂಪನಿ ಮುಚ್ಚತೀನಿ. ನಿನಗೊಂದು ಅಡಗಿಮನಿ ಕಟ್ಟಸ್ತೀನಿ."

"ಇದನ್ನೂ ಮೈಕಿನ್ಯಾಗ ಹೇಳಾವ್ರೇನ್ರಿ?" ಎಂದು ಅವಳು ನಕ್ಕಳು. ಅವನ ಮುಖ ನೋಡಿ ನಗು ನಿಲ್ಲಿಸಿದಳು. ಅಂದೇ ಪಾತ್ರೆಗಳನ್ನು ಚೀಲಕ್ಕೆ ತುಂಬತೊಡಗಿದಳು.

ಕಡೆಯ ಆಟಕ್ಕೆ ಮಾಲೀಕ ತಾನೇ ಜೀಪು ಹತ್ತಿ ಮೈಕು ಹಿಡಿದ. ಈ ಸಲ ನಿಜವಾಗಿ ಕಡೆಯದು ಎಂದ. ಹೇಳುತ್ತ ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಚಹಾದಂಗಡಿಯಲ್ಲಿ ಕೂತವರಿಗೆ ಅದು ಹೊಸ ಆಟದಂತೆ ಕಂಡಿತು. "ಭಾರೀ ಅಳತೀರಲ್ರೀ ಮಾಲಕರ! ಮುಂದಿನ ವಾರ ಬರ್ತೀವಿ ತಗೋರಿ, ಅವಸರ ಏನೈತಿ?" ಎಂದರು.

ಅಂದು ಮುಂದಿನ ಸಾಲೂ ತುಂಬಲಿಲ್ಲ. ಬರಿದಾದ ಕುರ್ಚಿಗಳ ಎದುರು ಪರದೆ ಬಿತ್ತು.

ಬೆಳಿಗ್ಗೆ ಕಂಬ ಕಿತ್ತು ಲಾರಿಗೆ ಹೇರಿದರು. ಹೆಂಡತಿ ಚೀಲದ ಬಾಯಿ ಕಟ್ಟಿಕೊಂಡು ಕೂತಿದ್ದಳು. ಮಾಲೀಕ ಲಾರಿಯ ಸುತ್ತ ತಿರುಗುತ್ತಲೇ ಇದ್ದ. ಇಷ್ಟು ವರ್ಷ ಮೆರೆದು ಹೀಗೆ ತಲೆ ತಗ್ಗಿಸಿ ಹೋಗುವುದೇ? ಇನ್ನೊಂದೇ ಊರು, ಒಂದೇ ಒಂದು ಹೌಸ್‌ಫುಲ್ ಆಟ. ಆಮೇಲೆ ಮುಚ್ಚಿದರೆ ಅದಕ್ಕೊಂದು ಮರ್ಯಾದೆ. ಲಾರಿ ಚಾಲಕನಿಗೆ ಬೇರೆ ಊರಿನ ಹೆಸರು ಹೇಳಿದ.

ಹೆಂಡತಿಗೆ ಕೇಳಿಸಿತು. ಮೊಣಕಾಲಿಗೆ ಕೈ ಊರಿ ಎದ್ದಳು. "ನಿಮ್ಮ ಕಡೀ ಆಟ ನಾ ಭಾಳ ನೋಡೀನ್ರಿ," ಎಂದಳು. ಚೀಲ ಎತ್ತಿಕೊಂಡು ತವರಿನ ಬಸ್ಸು ಹತ್ತಿದಳು.

ಹೊಸ ಊರಿನಲ್ಲಿ ಜನ ಕಿಕ್ಕಿರಿದರು. ಒಳಗೆ ಕೂತವರಷ್ಟೇ ಜನ ಹೊರಗೆ ನಿಂತಿದ್ದರು. ಮಾಲೀಕ ಪರದೆಯ ಸಂದಿಯಿಂದ ನೋಡಿದ. ಕಾಲು ನೋಯುತ್ತಿದ್ದವು, ಕಣ್ಣು ಉರಿಯುತ್ತಿದ್ದವು. ಆದರೂ ಇಷ್ಟು ಚೆನ್ನಾಗಿ ನಡೆಯುತ್ತಿರುವಾಗ ಯಾರಾದರೂ ಮುಚ್ಚುತ್ತಾರೆಯೇ? ತಾಯಿಯ ಪಾತ್ರಕ್ಕೆಂದು ನಾಲ್ಕು ದಿನದ ಮಟ್ಟಿಗೆ ಕರೆಸಿದ್ದವಳನ್ನು ಕಾಯಂ ಮಾಡಿಕೊಂಡ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಕೊನೆಗಾದರೂ ಬಿಟ್ಟನೇ ಗುರುಗಳೇ?"

"ಮುಂದಿನ ವರ್ಷ ನಮ್ಮ ಮಠದ ಬಯಲಿನಲ್ಲಿ ಕ್ಯಾಂಪು ಹಾಕುತ್ತಾನಂತೆ, ಬಡಿಸುವುದಕ್ಕೆ ನೀನು ಇದ್ದೇ ಇರುತ್ತೀಯೆಂದು ಹೇಳಿ ಕಳಿಸಿದ್ದೇನೆ."